ಮೊದಲು ಬರೆದವರಿಗೆ ಹೊಸ ಹಾಳೆ

ಅತ್ತಿಗೆ ಕೂತು ಊಟ ಮಾಡಿದ್ದನ್ನು ಈ ಮನೆಗೆ ಬಂದ ನಾಲ್ಕು ವರ್ಷದಲ್ಲಿ ನಾನು ಬೆರಳೆಣಿಕೆಯಷ್ಟು ಸಲ ನೋಡಿದ್ದೇನೆ. ತಟ್ಟೆ ಹಿಡಿದುಕೊಂಡು ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಒಂದು ತುತ್ತು ಇಲ್ಲಿ, ಒಂದು ತುತ್ತು ಅಲ್ಲಿ. "ಕಾಲಿಗೆ ಗಾಲಿ ಕಟ್ಕೊಂಡೇ ಹುಟ್ಟಿದೋಳು ಇವಳು. ಹೊಟ್ಟೇಲಿದ್ದಾಗ್ಲೇ ನಂಗೆ ಗೊತ್ತಾಗಿತ್ತು" ಅಂತ ಅತ್ತೆ ಹೇಳುತ್ತಾರೆ. ಅತ್ತಿಗೆ ಅಂದರೆ ನನ್ನ ಗಂಡನ ಅಕ್ಕ. ವಯಸ್ಸು ನಲವತ್ತೆರಡು. ಯಾರಾದರೂ "ಮದುವೆ ಆಗಲಿಲ್ವಂತೆ" ಅಂದರೆ ಅಲ್ಲೇ ತಿದ್ದುತ್ತಾರೆ: "ಮಾಡ್ಕೊಳ್ಳಲಿಲ್ಲ ಅನ್ನಿ. ವ್ಯಾಕರಣ ಸರಿ ಇರಲಿ."

ಪುಟ್ಟಿ ಎಷ್ಟು ಹೊತ್ತಿಗೆ ಹಾಲು ಕುಡಿದಳು, ಯಾವಾಗ ಬೆಚ್ಚಗಾದಳು ಅಂತ ಬರೆದಿಡುವ ನನ್ನ ದಿನಚರಿಯಲ್ಲಿ ಈ ಹದಿನೈದು-ಇಪ್ಪತ್ತು ದಿನ ಅತ್ತಿಗೆಯೇ ತುಂಬಿಹೋಗಿದ್ದಾರೆ. ಮಗಳು ಮಲಗಿದ್ದಾಗ ಅವನ್ನೆಲ್ಲ ಜೋಡಿಸಿ ಬರೆಯುತ್ತಿದ್ದೇನೆ. ಎಲ್ಲಿಯಾದರೂ ಥಟ್ಟನೆ ನಿಂತಂತೆ ಕಂಡರೆ ಅವಳು ಎದ್ದಳು ಅಂತ ತಿಳಿಯಬೇಕು.

ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ಇಟ್ಟು ಎದೆಬಡಿತ, ಉಸಿರು ತೋರಿಸುವ ಮಾನಿಟರು ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಅವರ ಕೆಲಸ. ಪೆಟ್ಟಿಗೆ, ಪರದೆ, ಗುಂಡಿಗಳೆಲ್ಲ ಬೇರೆಯವರ ಪಾಲು. ಅತ್ತಿಗೆಯದು ಅದರ ಹೊಟ್ಟೆಯೊಳಗಿನ ಕರ್ನೆಲ್. ನಾನು ಹೊಸದಾಗಿ ಬಂದಾಗ ಹಾಗಂದರೇನು ಅಂತ ಕೇಳಿದ್ದೆ.

"ಒಳಗೆ ಹತ್ತಾರು ಪ್ರೋಗ್ರಾಂ ಓಡ್ತಿರ್ತವೆ. ಎಲ್ಲಕ್ಕೂ ಜಾಗ ಬೇಕು. ಯಾರಿಗೆ ಎಷ್ಟು ಜಾಗ, ಯಾರು ಯಾರದಕ್ಕೆ ಕೈ ಹಾಕಬಾರದು, ಅದನ್ನ ನೋಡ್ಕೊಳ್ಳೋದು ಕರ್ನೆಲ್ಲು. ಯಾರ ಕಣ್ಣಿಗೂ ಬೀಳಲ್ಲ. ಆದರೆ ಅದು ಮಲಗಿದ್ರೆ ಎಲ್ಲಾ ಮಲಗಿದ ಹಾಗೆ."

"ಹಾಗಾದ್ರೆ ಈ ಮನೆಗೆ ನಾನೇ ಕರ್ನೆಲ್ಲು" ಅಂದಿದ್ದರು ಅತ್ತೆ, ಬೆಳ್ಳುಳ್ಳಿ ಸುಲಿಯುತ್ತ. ಅಲ್ಲಿಂದಾಚೆಗೆ ಬೀರುವಿನಲ್ಲಿ ಜಾಗದ ಜಗಳ ಬಂದಾಗಲೆಲ್ಲ ಇವರು, ಅಂದರೆ ನನ್ನ ಗಂಡ, "ಕರ್ನೆಲ್ ಏನನ್ನುತ್ತೆ?" ಅಂತ ಅಮ್ಮನ ಮುಖ ನೋಡುತ್ತಾರೆ.

ಅತ್ತಿಗೆ ಈ ಕೆಲಸಕ್ಕೆ ಬಂದದ್ದು ನೇರ ದಾರಿಯಲ್ಲಿ ಅಲ್ಲ. ಹತ್ತೊಂಬತ್ತಕ್ಕೆ ಕಾಲೇಜೊಂದರ ಗೇಟಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ನಿಂತರು. ನಿಂತರು ಅಂದರೆ ನಿಂತೇ ಇದ್ದರು, ಮೂರು ವರ್ಷ. ಆ ಅಂಗಡಿಯಲ್ಲಿ ಸ್ಟೂಲಿಗೂ ಜಾಗವಿರಲಿಲ್ಲವಂತೆ. ಹುಡುಗರು ಇನ್ನೂರು ಪುಟದ ನೋಟ್ಸು ತಂದು "ಮೂರು ಸೆಟ್ ಅಕ್ಕಾ, ಬೇಗ" ಅನ್ನುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಅದೇ ಕಟ್ಟುಗಳು ಪಿನ್ನೂ ಸಡಿಲವಾಗದೆ ಅಂಗಡಿಯ ಮುಂದೆಯೇ ರದ್ದಿಗೆ ಹೋಗುತ್ತಿದ್ದವು. "ಓದದ ಹಾಳೆ ನಕಲು ಮಾಡೀ ಮಾಡೀ ನನ್ನ ಆಯಸ್ಸು ಸವೀತು" ಅಂತ ಈಗಲೂ ಗೊಣಗುತ್ತಾರೆ. ಸಂಜೆ ಕಾಲೇಜು ಸೇರಿ ಕಂಪ್ಯೂಟರ್ ಓದುವಾಗ ಒಂದು ದಿನ ಮೇಷ್ಟ್ರು, ನಕಲು ಮಾಡುವುದನ್ನು ನಿಜವಾಗಿ ಬೇಕಾಗುವ ಗಳಿಗೆಯವರೆಗೆ ಮುಂದಕ್ಕೆ ಹಾಕುವ ವಿದ್ಯೆ ಕರ್ನೆಲ್ಲಿನಲ್ಲಿದೆ ಅಂದರಂತೆ. ಅತ್ತಿಗೆ ತರಗತಿಯ ಮಧ್ಯೆ ಎದ್ದು ನಿಂತುಬಿಟ್ಟರಂತೆ. ಮೇಷ್ಟ್ರು "ಏನಮ್ಮ, ಪ್ರಶ್ನೆನಾ?" ಅಂದರೆ "ಇಲ್ಲ ಸಾರ್, ಖುಷಿ" ಅಂದರಂತೆ.

ಆ ವಿದ್ಯೆಯನ್ನು ನನಗೆ ಊಟದ ಮೇಜಿನ ಮೇಲೆ ಒಂದು ಹಾಳೆ ಇಟ್ಟು ಹೇಳಿಕೊಟ್ಟರು. ಒಂದು ಪ್ರೋಗ್ರಾಂ ಒಡೆದು ಎರಡಾಗುತ್ತದೆ. ಮೊದಲಿನದಕ್ಕೆ ತಾಯಿ, ಹೊಸದಕ್ಕೆ ಮಗು ಅನ್ನುತ್ತಾರೆ. ತಾಯಿ ಹತ್ತಿರ ಇದ್ದ ಹಾಳೆಗಳೆಲ್ಲ, ಅಂದರೆ ಅದರ ನೆನಪಿನ ಜಾಗವೆಲ್ಲ, ಮಗುವಿಗೂ ಸಿಗಬೇಕು. ಆದರೆ ಕರ್ನೆಲ್ ಆಗಲೇ ನಕಲು ಮಾಡಿಕೊಡುವುದಿಲ್ಲ. ಒಂದೇ ಹಾಳೆಯನ್ನು ಇಬ್ಬರಿಗೂ ತೋರಿಸಿ, ಓದಿ, ಬರೆಯುವ ಹಾಗಿಲ್ಲ ಅನ್ನುತ್ತದೆ. ಯಾರಾದರೂ ಬರೆಯಲು ಪೆನ್ನು ಎತ್ತಿದರೆ ಕೈ ತಡೆದು, ಆಗ ಒಂದು ನಕಲು ಮಾಡಿ, ಪೆನ್ನು ಎತ್ತಿದವರಿಗೆ ಕೊಡುತ್ತದೆ. ಹಳೆಯದು ಇನ್ನೊಬ್ಬರಿಗೆ ಉಳಿಯುತ್ತದೆ.

"ಮೊದಲು ಬರೆದವರಿಗೆ ಹೊಸ ಹಾಳೆ. ಯಾರೂ ಬರೀಲೇ ಇಲ್ಲ ಅನ್ಕೋ, ಒಂದೇ ಹಾಳೇಲಿ ಕೆಲಸ ಮುಗೀತು. ಎಷ್ಟು ಚೆಂದ ಅಲ್ವೇನೇ?"

ಚೆಂದ ಅಂದೆ. ನನಗೆ ಹಾಳೆಗಿಂತ ಅವರ ಮುಖ ಚೆಂದ ಕಂಡಿತ್ತು.

ಮೊನ್ನೆ ಮೊನ್ನೆಯ ಒಂದು ಸೋಮವಾರ ಬೆಳಿಗ್ಗೆ, ಪುಟ್ಟಿಗೆ ಸ್ನಾನ ಮಾಡಿಸಿ ಬಟ್ಟೆ ಸುತ್ತುತ್ತಿದ್ದೆ. ಅತ್ತಿಗೆ ಫೋನು ಕಿವಿಗಿಟ್ಟುಕೊಂಡು ಹಜಾರದಲ್ಲಿ ಗಸ್ತು ಹೊಡೆಯುತ್ತಿದ್ದರು. "ಪ್ರಿಂಟ್ ಆದ ತಕ್ಷಣ ಮಗು ಸಾಯ್ಬೇಕು, ಅದು ಯಾಕೆ ಸಾಯ್ತಿಲ್ಲ ನೋಡಿ ಮೊದಲು. ತಾಯಿ ಕಾಯ್ತಾ ನಿಂತಿದೆಯಾ?"

ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದರು. "ಬಿಡ್ತು ಅನ್ನು! ಕೂಸು ಇರೋ ಮನೇಲಿ ಏನು ಮಾತು ಅಂತ ಆಡ್ತೀಯೇ!"

"ಬಿಡ್ತು, ಬಿಡ್ತು. ಅದು ಪ್ರೋಗ್ರಾಂ ಅಮ್ಮಾ."

"ಪ್ರೋಗ್ರಾಮೋ ಪಾಯಸವೋ. ಬೇರೆ ಹೆಸರು ಸಿಗಲಿಲ್ವಾ ನಿಮಗೆ?"

ಸಂಗತಿ ಏನೆಂದರೆ, ಎಳೆ ಮಕ್ಕಳ ವಾರ್ಡೊಂದರಲ್ಲಿ ಅವರ ಹೊಸ ಮಾನಿಟರು ಎರಡನ್ನು ಪರೀಕ್ಷೆಗೆ ಇಟ್ಟಿದ್ದರು. ಹಳೆಯದರ ಪಕ್ಕಕ್ಕೆ ಹೊಸದು, ಎರಡೂ ಒಂದೇ ಮಗುವಿಗೆ. ಅಲ್ಲಿಯ ದೊಡ್ಡ ಸಿಸ್ಟರ್ ದೂರು ಬರೆದು ಕಳಿಸಿದ್ದರು: ಹೊಸ ಯಂತ್ರದಲ್ಲಿ ಒಮ್ಮೊಮ್ಮೆ ಎದೆಬಡಿತದ ಅಂಕಿ ನಿಂತುಹೋಗುತ್ತದೆ. ಹಳೆಯದರಲ್ಲಿ ನೂರಾ ಹತ್ತಕ್ಕೆ ಇಳಿದರೂ ಇದರಲ್ಲಿ ನೂರಾ ನಲವತ್ತೆಂಟೇ ಇರುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ಯಂತ್ರದಿಂದ ಅಂಕಿಗಳ ಪ್ರಿಂಟ್ ತೆಗೆದಾಗ ಹೀಗಾಗುವುದು ಜಾಸ್ತಿ. ಕಂಪನಿಯಲ್ಲಿ ಐನೂರು ಸಲ ಪ್ರಿಂಟ್ ಒತ್ತಿ ನೋಡಿದ್ದರು, ಒಂದು ಸಲವೂ ನಿಂತಿರಲಿಲ್ಲ. ನಾಡಿ ಹಿಡಿಯಲು ಮಗುವಿನ ಕಾಲಿಗೆ ಕಟ್ಟುವ ಪಟ್ಟಿ ಸಡಿಲವಾಗಿರಬೇಕು ಅಂತ ಮ್ಯಾನೇಜರ್ ಉತ್ತರ ಬರೆದಿದ್ದರು. ಶುಕ್ರವಾರ ಅರವತ್ತು ಯಂತ್ರ ಬೇರೆ ಬೇರೆ ವಾರ್ಡುಗಳಿಗೆ ಹೊರಡಬೇಕಿತ್ತು. ಅಲ್ಲಿ ಪಕ್ಕದಲ್ಲಿ ಹಳೆಯದು ಇರುವುದಿಲ್ಲ.

ನಾನು ಕೈಯಲ್ಲಿದ್ದ ಬಟ್ಟೆ ಬಿಟ್ಟೆ. ಆ ವಾರ್ಡು ನನಗೆ ಗೊತ್ತು. ಏಳು ತಿಂಗಳ ಹಿಂದೆ, ದಿನ ತುಂಬುವ ಮೊದಲೇ ಹುಟ್ಟಿದ ಪುಟ್ಟಿಯನ್ನು ಅಲ್ಲೇ ಹನ್ನೊಂದು ದಿನ ಇಟ್ಟಿದ್ದರು. ನಾನು ಮಗುವಿನ ಮುಖಕ್ಕಿಂತ ಆ ಪರದೆಯ ಅಂಕಿಯನ್ನೇ ಹೆಚ್ಚು ನೋಡಿದ್ದೆ. ಅಂಕಿ ಇದೆ ಅಂದರೆ ಅವಳು ಇದ್ದಾಳೆ.

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಹೇಳಿದರು. "ಪುಟ್ಟಿ ಇದ್ದಾಗ ಇದ್ದದ್ದು ಹಳೇ ಯಂತ್ರ. ನಾನು ತಾರೀಖು ನೋಡಿದೆ. ಎರಡು ಸಲ ನೋಡಿದೆ."

ಸಮಾಧಾನವಾಯಿತು. ಬೇರೆಯವರ ಮಗು ಅಂದ ಕೂಡಲೇ ಸಮಾಧಾನ ಆಯಿತಲ್ಲ ಅಂತ ಆಮೇಲೆ ನಾಚಿಕೆಯೂ ಆಯಿತು.

ಸೋಮವಾರ, ಮಂಗಳವಾರ ಮನೆ ಮನೆಯಾಗಿರಲಿಲ್ಲ. ಒಂದು ಮಾನಿಟರನ್ನು ಅತ್ತಿಗೆ ಮನೆಗೇ ತಂದು ಊಟದ ಮೇಜಿನ ಮೇಲಿಟ್ಟರು. ಅದಕ್ಕೊಂದು ರಬ್ಬರಿನ ಬೆರಳು. ಅದು ಮಗುವಿನ ನಾಡಿಯಂತೆ ಮಿಡಿಯುತ್ತಿತ್ತು. ಪ್ರಿಂಟ್ ಒತ್ತುವುದು, ಕಿರ್ ಅಂತ ಕಾಗದ ಬರುವುದು, ಅಂಕಿ ನೋಡುವುದು, ಎದ್ದು ಬಾಲ್ಕನಿಗೆ ಹೋಗುವುದು, ಮತ್ತೆ ಬರುವುದು. ಟವೆಲಿನ ಅಂಚಿನ ದಾರ ಕಿತ್ತು ಕಿತ್ತು ಒಂದು ಬದಿ ಬೋಳಾಯಿತು. ಫ್ರಿಜ್ಜಿನ ಬಾಗಿಲು ತೆರೆದು ಒಳಗೆ ನೋಡಿ, ಏನೂ ತೆಗೆಯದೆ ಮುಚ್ಚುತ್ತಿದ್ದರು. "ಒಳಗೆ ದೀಪ ಆರುತ್ತೋ ಇಲ್ವೋ ಅಂತ ನೋಡ್ತಿದೀಯಾ?" ಅಂತ ಇವರು ರೇಗಿಸಿದರೆ ಬಾಲ್ಕನಿಗೆ ನಡೆದುಬಿಡುತ್ತಿದ್ದರು. ಅಕ್ಕ ಬಯ್ಯಲಿಲ್ಲ ಅಂದರೆ ಪರಿಸ್ಥಿತಿ ಗಂಭೀರ ಅಂತ ಇವರು ರೇಗಿಸುವುದು ಬಿಟ್ಟರು.

ನನಗೂ ಕೈಕಾಲು ನಿಲ್ಲುತ್ತಿರಲಿಲ್ಲ. ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಆ ಪರದೆಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ನೂರಾ ನಲವತ್ತು, ನಲವತ್ತೆರಡು, ಮೂವತ್ತೊಂಬತ್ತು. ನಿಲ್ಲುತ್ತಲೇ ಇರಲಿಲ್ಲ. ನಿಂತರೆ ಸಾಕಪ್ಪ ಅನಿಸುವಷ್ಟು ಓಡುತ್ತಿತ್ತು.

ಬುಧವಾರ ಪುಟ್ಟಿಯ ತೂಕ ನೋಡಿಸಲು ಅದೇ ಆಸ್ಪತ್ರೆಗೆ ಹೋಗಬೇಕಿತ್ತು. "ನಾನೂ ಬರ್ತೀನಿ" ಅಂದರು ಅತ್ತಿಗೆ. "ಯಂತ್ರ ನೋಡಿದ್ದು ಸಾಕು. ಒತ್ತೋರನ್ನ ನೋಡ್ಬೇಕು."

ವಾರ್ಡಿನ ಹೊರಗೆ ಚಪ್ಪಲಿ ಬಿಟ್ಟು, ಕೈ ತೊಳೆದು, ಗಾಜಿನ ಬಾಗಿಲ ಹತ್ತಿರ ನಿಂತೆವು. ದೊಡ್ಡ ಸಿಸ್ಟರ್ ಗಟ್ಟಿಮುಟ್ಟು ಹೆಂಗಸು. ಕನ್ನಡಕ ತಲೆಯ ಮೇಲೆ, ಪೆನ್ನು ಕಿವಿಯ ಮೇಲೆ. ನನ್ನನ್ನು ನೋಡಿ ಪುಟ್ಟಿಯ ಕೆನ್ನೆ ಹಿಂಡಿದರು. ಅತ್ತಿಗೆ ಯಾರೆಂದು ತಿಳಿದ ಮೇಲೆ ಮುಖ ಬಿಗಿಯಿತು.

"ಪಟ್ಟಿ ಸಡಿಲ ಅಂತ ಬರೆದವರು ನೀವೇನಾ?"

"ನಾನಲ್ಲ ಸಿಸ್ಟರ್."

"ಇಪ್ಪತ್ತಾರು ವರ್ಷದಿಂದ ಪಟ್ಟಿ ಕಟ್ತಿದೀನಿ. ನಿಮ್ಮ ಕಂಪನಿಯೋರ ಕಾಲಿಗೆ ಕಟ್ಟಿ ತೋರಿಸ್ಲಾ, ಸಡಿಲ ಯಾವುದು ಬಿಗಿ ಯಾವುದು ಅಂತ?"

"ಕಟ್ಟಿ. ಆದರೆ ಮೊದಲು ನೀವು ಪ್ರಿಂಟ್ ತೆಗೆಯೋದನ್ನ ನಾನು ನೋಡ್ಬೇಕು. ಏನೂ ಬದಲಾಯಿಸಬೇಡಿ. ದಿನಾ ಹೇಗೆ ಮಾಡ್ತೀರೋ ಹಾಗೇ."

ಡಾಕ್ಟರರ ಸುತ್ತಿನ ಹೊತ್ತು, ಹೇಗೂ ಪ್ರಿಂಟ್ ಬೇಕಿತ್ತು. ಸಿಸ್ಟರ್ ಮೂರನೆಯ ತೊಟ್ಟಿಲಿನ ಹತ್ತಿರ ಹೋದರು. ಮಗುವಿನ ಹೊದಿಕೆ ಸರಿ ಮಾಡಿದರು. ತೋರುಬೆರಳಿನಿಂದ ಒಂದು ಗುಂಡಿ, ಅದೇ ಉಸಿರಿನಲ್ಲಿ ನಡುಬೆರಳಿನಿಂದ ಪಕ್ಕದ ಗುಂಡಿ. ಟಕ್-ಟಕ್. ನಾನಾಗಿದ್ದರೆ ಅದು ಒಂದೇ ಸದ್ದು ಅನ್ನುತ್ತಿದ್ದೆ.

ಅತ್ತಿಗೆ ಅರೆತೆರೆದ ಬಾಗಿಲ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರು. "ಎರಡನೇದು ಯಾವುದು ಒತ್ತಿದ್ದು?"

"ಇದಾ? ಸುಮ್ಮನಿರಿಸೋ ಗುಂಡಿ."

"ಅಲಾರಂ ಹೊಡ್ಕೊಂಡಿರಲಿಲ್ವಲ್ಲ?"

"ಹೊಡ್ಕೊಳ್ಳುತ್ತೆ ಕಣ್ರೀ! ಈ ನಿಮ್ಮ ಪ್ರಿಂಟರ್ ಕಿರ್ ಅಂದ ತಕ್ಷಣ ಕೂಸು ಬೆಚ್ಚುತ್ತೆ. ಬೆಚ್ಚಿದ್ರೆ ಬಡಿತ ಏರುತ್ತೆ. ಏರಿದ್ರೆ ಇದು ಬಾಯಿ ಬಡ್ಕೊಳ್ಳುತ್ತೆ. ಇದು ಬಡ್ಕೊಂಡ್ರೆ ಉಳಿದ ಐದು ಕೂಸೂ ಎದ್ದು ಕೂಗ್ತವೆ. ಅದಕ್ಕೇ ಮೊದಲೇ ಬಾಯಿ ಮುಚ್ಚಿಸಿಬಿಡೋದು. ನಾವೆಲ್ಲ ಹಾಗೇ ಮಾಡೋದು. ಹೊಸದಾಗಿ ಬಂದೋರಿಗೂ ಹಾಗೇ ಕಲಿಸ್ತೀವಿ."

ಹಳೆಯ ಯಂತ್ರದಲ್ಲಿ ನೂರಾ ಐವತ್ತೆರಡು, ಐವತ್ತೈದು, ನಲವತ್ತೊಂಬತ್ತು. ಹೊಸದರಲ್ಲಿ ನೂರಾ ನಲವತ್ತಾರು. ನೂರಾ ನಲವತ್ತಾರು. ನೂರಾ ನಲವತ್ತಾರು.

ಮೂರೂವರೆ ನಿಮಿಷ ಆದ ಮೇಲೆ ಅಂಕಿ ಮಿಸುಕಿತು. ಅತ್ತಿಗೆ ಅಷ್ಟು ಹೊತ್ತೂ ಅಲ್ಲಾಡದೆ ನಿಂತಿದ್ದರು. ಅವರನ್ನು ಹಾಗೆ ಕಲ್ಲಿನ ಹಾಗೆ ನೋಡಿದ್ದು ಅದೇ ಮೊದಲು. ಅದನ್ನು ಕಂಡೇ ಹೆದರಿಕೆಯಾಯಿತು ನನಗೆ.

ಆಟೋದಲ್ಲಿ ಕೂತ ಮೇಲೆ ನನ್ನ ಕೈಲಿದ್ದ ತೂಕದ ಚೀಟಿಯ ಹಿಂದೆಯೇ ಬರೆದು ತೋರಿಸಿದರು. ಕಾಲಿಗೆ ಕಟ್ಟಿದ ಪಟ್ಟಿಯಿಂದ ಬರುವ ಅಂಕಿಯನ್ನು ಯಂತ್ರದೊಳಗಿನ ಒಂದು ಚಿಪ್ಪು, ಅಂದರೆ ಎಲೆಕ್ಟ್ರಾನಿಕ್ ಬಿಲ್ಲೆ, ತಂದು ಹಾಳೆಗೆ ಹಾಕುತ್ತದೆ. ಅದಕ್ಕೆ ಹಾಳೆಯ ವಿಳಾಸ ಮೊದಲೇ ಕೊಟ್ಟಿರುತ್ತಾರೆ. ಅದು ಯಾರನ್ನೂ ಕೇಳದೆ ಅಲ್ಲಿಗೇ ತಂದು ಸುರಿಯುತ್ತದೆ. ತಾಯಿ ಪ್ರೋಗ್ರಾಂ ಅದನ್ನು ಓದಿ ಪರದೆಯಲ್ಲಿ ತೋರಿಸುತ್ತದೆ. ಪ್ರಿಂಟ್ ಒತ್ತಿದಾಗ ಮಗು ಪ್ರೋಗ್ರಾಂ ಹುಟ್ಟುತ್ತದೆ, ಇಬ್ಬರಿಗೂ ಅದೇ ಹಾಳೆ. ಎರಡು ಕ್ಷಣದಲ್ಲಿ ಮಗು 'ಇಲ್ಲಿವರೆಗೆ ಪ್ರಿಂಟಾಯಿತು' ಅಂತ ಗುರುತು ಹಾಕುತ್ತದೆ. ಆಗ ಹೊಸ ಹಾಳೆ ಮಗುವಿಗೆ, ಹಳೆಯದು ತಾಯಿಗೇ, ಏನೂ ತೊಂದರೆಯಿಲ್ಲ. ಕಂಪನಿಯಲ್ಲಿ ಐನೂರು ಸಲವೂ ಆದದ್ದು ಅದು.

"ಆದರೆ ಸಿಸ್ಟರ್ ಬೆರಳು ಎರಡು ಕ್ಷಣ ಕಾಯಲ್ಲ. ಸುಮ್ಮನಿರಿಸೋ ಗುಂಡಿ ಒತ್ತಿದ್ರೆ ತಾಯಿ ಅದೇ ಹಾಳೆ ಮೂಲೇಲಿ ಒಂದು ಗುರುತು ಹಾಕ್ತಾಳೆ. ಮೊದಲು ಬರೆದವಳು ತಾಯಿ. ಹೊಸ ಹಾಳೆ ಯಾರಿಗೆ ಬಂತು?"

"ತಾಯಿಗೆ."

"ಚಿಪ್ಪಿಗೆ ಗೊತ್ತಾ ತಾಯಿ ಮನೆ ಬದಲಾಯಿಸಿದ್ದು?"

ಗೊತ್ತಿಲ್ಲ. ಅದು ಹಳೆಯ ಮನೆಗೇ ಅಂಕಿ ತಂದು ಹಾಕುತ್ತಿದೆ. ತಾಯಿ ಹೊಸ ಮನೆಯಲ್ಲಿ ಕೂತು, ಬರುವಾಗ ತಂದ ಕೊನೆಯ ಅಂಕಿಯನ್ನೇ ನೋಡುತ್ತಿದ್ದಾಳೆ. ತೊಟ್ಟಿಲಿನ ಮಗು ಚೆನ್ನಾಗಿದೆ ಅಂದುಕೊಂಡು. ನಾಲ್ಕು ನಿಮಿಷಕ್ಕೊಮ್ಮೆ ವಿಳಾಸವನ್ನು ಹೊಸದಾಗಿ ಕೊಡುವ ಪದ್ಧತಿ ಇರುವುದರಿಂದ ಆಮೇಲೆ ತಾನಾಗಿ ಸರಿಹೋಗುತ್ತದೆ.

ನಾಲ್ಕು ನಿಮಿಷ. ಆ ವಾರ್ಡಿನಲ್ಲಿ ಪುಟ್ಟಿ ಉಸಿರು ಮರೆತದ್ದು ಒಮ್ಮೆ ಇಪ್ಪತ್ತು ಸೆಕೆಂಡು. ಸಿಸ್ಟರ್ ಅಂಕಿ ನೋಡಿ ಓಡಿ ಬಂದು ಅಂಗಾಲು ತಟ್ಟಿದ್ದರು. ಇದನ್ನು ನಾನು ಅತ್ತಿಗೆಗೆ ಹೇಳಲಿಲ್ಲ. ಅವರಿಗೆ ಗೊತ್ತಿತ್ತು.

ಮಧ್ಯಾಹ್ನ ಇನ್ನೊಂದು ಬಾಂಬು ಬಿತ್ತು. ಚಿಪ್ಪಿನ ಕೈಯಲ್ಲಿರುವ ಹಾಳೆಯ ವಿಷಯದಲ್ಲಿ ನಕಲು ಮುಂದಕ್ಕೆ ಹಾಕುವ ಸೋಮಾರಿತನ ಬೇಡ, ಮಗು ಹುಟ್ಟುವಾಗಲೇ ನಕಲು ಮಾಡಿ ಮಗುವಿಗೆ ಕೊಟ್ಟು ತಾಯಿಯ ಹಾಳೆಯನ್ನು ತಾಯಿಗೇ ಬಿಡು ಅಂತ ಕರ್ನೆಲ್ಲಿಗೆ ಹೇಳುವ ಒಂದು ಸಾಲು ಬೇಕು. ಅಂಥ ಸಾಲು ಮೊದಲೇ ಇದ್ದಿರಬೇಕಲ್ಲ ಅಂತ ಹಳೆಯ ದಾಖಲೆ ಹುಡುಕಿದರೆ, ಇತ್ತು. ಏಳು ವರ್ಷದ ಹಿಂದೆ ಬರೆದದ್ದು. ಪಕ್ಕದಲ್ಲಿ ಒಂದೇ ಟಿಪ್ಪಣಿ: 'ಇದು ಇರಲಿ.' ಯಾಕೆ ಇರಲಿ ಅನ್ನುವುದಿಲ್ಲ. ಎರಡು ವರ್ಷದ ಹಿಂದೆ ಯಾರೋ ಅದನ್ನು ಅಳಿಸಿದ್ದಾರೆ.

"ಬರೆದದ್ದು ಯಾರು ಅತ್ತಿಗೆ?"

"ನಾನು."

"ಅಳಿಸಿದ್ದು?"

ಅವರು ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ನೋಡಿದರು. "ಅದೂ ನಾನೇ ಕಣೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಆವತ್ತು ಸ್ವಚ್ಛ ಮಾಡ್ತಿದ್ದೆ. ನೋಡಿದ್ರೆ ಬೇಡದ ಕಡೆ ಒಂದು ನಕಲು. ಮೈಯೆಲ್ಲ ಉರೀತು. ಯಾವ ಮಹಾನುಭಾವ ಇದನ್ನ ಬರೆದಿದ್ದು ಅಂತ ಬಯ್ಕೊಂಡೇ ಅಳಿಸಿದೆ. ಯಾರು ಅಂತ ನೋಡೋಕೂ ಹೋಗಲಿಲ್ಲ. ಸಾಲು ಬರೆದಾಗಿನ ಯಂತ್ರದಲ್ಲಿ ಪ್ರಿಂಟರ್ ಇತ್ತು, ಅಳಿಸಿದಾಗ ಇದ್ದದ್ದರಲ್ಲಿ ಇರಲಿಲ್ಲ, ಅದಕ್ಕೇ ಏನೂ ಕೆಡಲಿಲ್ಲ. ಯಾವುದು ಚೆಂದ ಅಂತ ಇಷ್ಟು ವರ್ಷ ಕುಣಿದೆನೋ ಅದೇ ನನ್ನ ಕಣ್ಣು ಕಟ್ಟಿತು."

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. "ಈಗ ಅದನ್ನ ಮತ್ತೆ ಬರೆದ್ರೆ ಮುಗೀತಲ್ಲ? ಯಾರಿಗೂ ಹೇಳೋದ್ಯಾಕೆ?"

"ಬರೆದ್ರೆ ಮುಗಿಯಲ್ಲ ಅಮ್ಮ. ಅರವತ್ತೂ ನಿಲ್ಲಿಸಿ ಪರೀಕ್ಷೆ ಮಾಡ್ಬೇಕು. ನಿಲ್ಲಿಸಿ ಅಂದ್ರೆ ಯಾಕೆ ಅಂತಾರೆ."

ಗುರುವಾರದ ಮೀಟಿಂಗನ್ನು ಮನೆಯಿಂದಲೇ ಫೋನಿನಲ್ಲಿ ಮಾಡಿದರು. ನಾನು ಪುಟ್ಟಿಗೆ ತಿನ್ನಿಸುತ್ತ ಕೇಳುತ್ತಿದ್ದೆ. ಮ್ಯಾನೇಜರ್ ಒಳ್ಳೆಯ ಮನುಷ್ಯನೇ; ಆದರೆ ಶುಕ್ರವಾರ ಅವರ ಕುತ್ತಿಗೆಗೆ ಬಂದಿತ್ತು. "ಮೇಡಂ, ಒಂದು ಕೆಲಸ ಮಾಡೋಣ. ಯಂತ್ರ ಹೋಗಲಿ. ಪ್ರಿಂಟ್ ಆದ ತಕ್ಷಣ ಸುಮ್ಮನಿರಿಸೋ ಗುಂಡಿ ಒತ್ತಬೇಡಿ ಅಂತ ಒಂದು ಚೀಟಿ ಅಂಟಿಸೋಣ. ಸಾಲು ಆಮೇಲೆ ಸೇರಿಸಿದ್ರಾಯ್ತು."

"ಆ ಚೀಟಿ ನೀವೇ ಹೋಗಿ ದೊಡ್ಡ ಸಿಸ್ಟರ್ ಮುಂದೆ ಓದ್ತೀರಾ?"

ಆ ಕಡೆ ಕಾಗದ ಮಗುಚುವ ಸದ್ದು.

"ಅವರ ಬೆರಳು ಸರಿಯಾಗೇ ಇದೆ ಸಾರ್. ಆರು ಮಕ್ಕಳ ನಿದ್ದೆ ಕಾಯೋ ಬೆರಳು ಅದು. ಕೆಟ್ಟಿರೋದು ನನ್ನ ಸಾಲು."

"ಕಾರಣ ಅಂತ ಏನು ಬರೀಲಿ ಮೇಲಿನವರಿಗೆ?"

"ನನ್ನ ಹೆಸರೇ ಬರೀರಿ. ಬೇಕಾದ ಸಾಲನ್ನ ಬೇಡ ಅಂತ ಅಳಿಸಿದಾಳೆ ಅಂತ. ಪಟ್ಟಿ ಸಡಿಲ ಅಂತ ಬರೆದದ್ದನ್ನ ವಾಪಸ್ ತಗೊಂಡು ವಾರ್ಡಿಗೂ ಒಂದು ಪತ್ರ ಹಾಕಿ."

ಮಾತಾಡುವಾಗ ಹಜಾರದ ಉದ್ದಗಲ ಎಷ್ಟು ಸಲ ಅಳೆದರೋ. ಫೋನಿಟ್ಟ ಮೇಲೆ ಪುಟ್ಟಿಯ ಬಟ್ಟಲಲ್ಲಿ ಉಳಿದಿದ್ದ ಮೆದು ಅನ್ನವನ್ನು ಗಬಗಬ ತಿಂದುಬಿಟ್ಟರು. "ಕೂಸಿನ ಊಟಕ್ಕೂ ಕಣ್ಣು ಹಾಕಿದ್ಲು" ಅಂತ ಅತ್ತೆ ಬಯ್ದು, ಅತ್ತಿಗೆಗೇ ಬೇರೆ ತಟ್ಟೆ ಹಾಕಿ ತಂದರು.

ಅರವತ್ತು ಯಂತ್ರಗಳೂ ಹೊರಡದೆ ನಿಂತವು. ವಾರ್ಡಿನಲ್ಲಿದ್ದ ಎರಡನ್ನು ಅಂದೇ ಬಂದ್ ಮಾಡಿದರು. ಅತ್ತಿಗೆಗೆ ಮೇಲಿನವರಿಂದ ಖಾರವಾದ ಒಂದು ಕಾಗದ ಬಂತು. ಓದಿ, ಮಡಿಸಿ, ಕುಂಟುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟರು. ಸಾಲು ಬರೆಯಲು ಹಿಡಿದದ್ದು ಇಪ್ಪತ್ತು ನಿಮಿಷ. ಅದರ ಪಕ್ಕದ ಟಿಪ್ಪಣಿಗೆ ಒಂದು ಇಡೀ ಬೆಳಿಗ್ಗೆ. ಹನ್ನೊಂದು ಸಾಲು ಬರೆದು ನನಗೆ ಓದಿ ಹೇಳಿದರು: ಚಿಪ್ಪು, ತಾಯಿ, ಮಗು, ಎರಡು ಗುಂಡಿ, ಬೆಚ್ಚುವ ಕೂಸು, ಎಲ್ಲ. "ಅರ್ಥ ಆಯ್ತಾ?" ಆಯಿತು ಅಂದೆ. "ನಾಳೆ ನಂಗೆ ತಲೆ ಕೆಟ್ಟು ಮತ್ತೆ ಅಳಿಸೋಕೆ ಹೋದ್ರೆ?" ನಾನು ಹೇಳಿದೆ: "ಆರು ಮಕ್ಕಳು ಅಂತ ಇದೆಯಲ್ಲ ಅತ್ತಿಗೆ, ಅಳಿಸೋಕೆ ಕೈ ಬರಲ್ಲ."

ಆಮೇಲೆ ಹತ್ತು ದಿನ ಪರೀಕ್ಷೆ. ಕಂಪನಿಯಲ್ಲಿ ಬೆರಳಿನಂಥ ಒಂದು ಕಡ್ಡಿಯನ್ನು ಯಂತ್ರಕ್ಕೆ ಕಟ್ಟಿದ್ದರು. ಅದು ಟಕ್-ಟಕ್ ಅಂತ ಎರಡೂ ಗುಂಡಿ ಒತ್ತುತ್ತಿತ್ತು, ಸಾವಿರಗಟ್ಟಲೆ ಸಲ. ಒಮ್ಮೆಯೂ ಅಂಕಿ ನಿಲ್ಲಲಿಲ್ಲ. ಮೇಲಿನವರು ಒಪ್ಪಿದರು. ಅತ್ತಿಗೆ ಮಾತ್ರ ಒಪ್ಪಲಿಲ್ಲ. "ಕಡ್ಡಿ ಒತ್ತಿದ್ದು ಲೆಕ್ಕಕ್ಕಿಲ್ಲ. ಸಿಸ್ಟರ್ ಒತ್ತಬೇಕು."

ನಿನ್ನೆ ಬೆಳಿಗ್ಗೆ ವಾರ್ಡಿನ ಎರಡು ಯಂತ್ರವನ್ನು ಮತ್ತೆ ಚಾಲೂ ಮಾಡಲು ತಾವೇ ಹೋದರು. ಒಂಬತ್ತೂವರೆಗೆ ಮೊದಲ ಫೋನು. "ಹಚ್ಚಿದ್ವಿ. ಓಡ್ತಿದೆ. ಒಂದು ಪ್ರಿಂಟ್ ತೆಗೀರಿ ಸಿಸ್ಟರ್ ಅಂದೆ. ಬೇಕಿಲ್ದೆ ಯಾಕ್ರೀ ತೆಗೀಲಿ, ಕೂಸು ಈಗ ತಾನೆ ಮಲಗಿದೆ ಅಂತ ನನ್ನನ್ನೇ ಗದರಿಸಿದ್ರು."

"ಮತ್ತೆ?"

"ಮತ್ತೇನು, ಡಾಕ್ಟರು ಬರೋವರೆಗೆ ಕಾಯಿರಿ ಅಂದ್ರು. ಹನ್ನೊಂದಕ್ಕಂತೆ."

ಹತ್ತಕ್ಕೆ ಎರಡನೆಯ ಫೋನು. ಮೆಟ್ಟಿಲ ಮೇಲಿಂದ. ಇನ್ನೂ ಏನಿಲ್ಲ. ಹತ್ತೂ ಮುಕ್ಕಾಲಿಗೆ ಮೂರನೆಯದು: ಡಾಕ್ಟರು ತಡವಂತೆ, ವಾರ್ಡಿನ ಆಯಾ ಅತ್ತಿಗೆಯ ಓಡಾಟ ನೋಡಲಾರದೆ ಹೊರಗಿನ ವರಾಂಡ ಒರೆಸುವುದನ್ನು ಮುಂದಕ್ಕೆ ಹಾಕಿದ್ದಾಳಂತೆ. "ನೀವು ನಡೆದು ನಡೆದು ಹೇಗೂ ಒರೆಸ್ತಿದೀರಲ್ಲ ಅಕ್ಕಾ ಅಂದ್ಲು ಕಣೆ."

ಹನ್ನೊಂದೂಕಾಲಿಗೆ ಮತ್ತೆ ಫೋನು. ಪುಟ್ಟಿ ನನ್ನ ಮಡಿಲಲ್ಲಿ ಹಾಲು ಕುಡಿಯುತ್ತಿದ್ದಳು, ಅತ್ತೆ ಫೋನನ್ನು ದೊಡ್ಡದಾಗಿ ಕೇಳುವ ಹಾಗೆ ಒತ್ತಿ ನಮ್ಮ ಮಧ್ಯೆ ಇಟ್ಟರು. ಆ ಕಡೆ ಅತ್ತಿಗೆಯ ಉಸಿರು.

"ಗಾಜಿನ ಹೊರಗೆ ನಿಂತಿದೀನಿ. ಸಿಸ್ಟರ್ ಹೋದ್ರು. ಹೊದಿಕೆ ಸರಿ ಮಾಡಿದ್ರು. ಒತ್ತಿದ್ರು. ಎರಡೂ."

"ಆಮೇಲೆ?"

"ನೂರಾ ಮೂವತ್ತೆಂಟು."

ನಾನು ಪುಟ್ಟಿಯ ಅಂಗಾಲನ್ನು ಹಿಡಿದುಕೊಂಡಿದ್ದೆ.

"ನೂರಾ ನಲವತ್ತನಾಲ್ಕು. ನಲವತ್ತೇಳು. ಬೆಚ್ಚಿತು ಕೂಸು. ಐವತ್ತೊಂದು. ಹಳೇದರಲ್ಲೂ ಐವತ್ತೊಂದು. ನಲವತ್ತೆಂಟು. ನಲವತ್ತೈದು."

"ಇವಳೇನು ಮಗ್ಗಿ ಒಪ್ಪಿಸ್ತಿದಾಳಾ?" ಅಂದರು ಅತ್ತೆ. ಆದರೆ ಅಲ್ಲಿಂದ ಏಳಲಿಲ್ಲ.

ಅತ್ತಿಗೆ ನಿಲ್ಲಿಸಲೂ ಇಲ್ಲ. ನಾಲ್ಕು ನಿಮಿಷ ದಾಟುವವರೆಗೂ ಒಂದೊಂದೇ ಅಂಕಿ ಓದಿ ಹೇಳುತ್ತ ಹೋದರು, ನಾವು ಒಂದೊಂದನ್ನೂ ಕೇಳಿಸಿಕೊಂಡೆವು.